ಬಿಳಿ ಗೋಡೆಯ ಫೋಟೊಗಳು

ಮಾರ್ಚ್ ೧೪, ಶುಕ್ರವಾರ

ಅಣ್ಣ ಇವತ್ತೂ ರಜೆ ಕೊಡಲಿಲ್ಲ. "ನೀನು ಹೊರಟ್ರೆ ಅಂಗಡಿ ಯಾರಮ್ಮ ನೋಡ್ಕೋತಾರೆ?" ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಕ್ಯಾಮೆರಾ ಬಾಡಿಗೆಗೆ ಕೊಡುವ ಅಂಗಡಿ ಅವನದು, ಅದರೊಳಗೆ ಕೂರುವವಳು ನಾನು.

ಸಂಜೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಿತ್ತು. ಬೆಟ್ಟ ಹತ್ತಲು ಹಗುರವಾದ ಒಂದೇ ಲೆನ್ಸ್ ಸಾಕು, ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿಟ್ಟುಕೊಳ್ಳಿ ಎಂದೆಲ್ಲ ಹೇಳಿದೆ.

"ನೀವು ಎಷ್ಟ್ ಸಲ ಹೋಗಿದೀರಿ ಮೇಡಂ?" ಎಂದಳು ಹುಡುಗಿ.

ಬಿಲ್ ಹರಿದುಕೊಟ್ಟೆ.

ಆಮೇಲೆ ಯಾರೋ ಕಡಲಿಗೆ ಒಯ್ದು ತಂದ ಕ್ಯಾಮೆರಾದ ಮರಳು ಕೊಡವಿದೆ. ಒಳಗೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಧೂಳು ಕೂತಿದೆಯೇ ಎಂದು ನೋಡಲು ಎಂದಿನಂತೆ ಎದುರಿನ ಬಿಳಿ ಗೋಡೆಯ ಫೋಟೊ ತೆಗೆದೆ. ಇಷ್ಟು ವರ್ಷ ನಾನು ತೆಗೆದ ಫೋಟೊಗಳೆಲ್ಲ ಆ ಗೋಡೆಯವೇ. ಇವತ್ತಿನ ಫೋಟೊದ ಮೂಲೆಯಲ್ಲೊಂದು ಕಪ್ಪು ಚುಕ್ಕೆ ಕಂಡಿತು, ಧೂಳೇ ಅಂದುಕೊಂಡೆ. ಗಾಳಿ ಹೊಡೆದು, ಒರೆಸಿ, ಮತ್ತೆ ತೆಗೆದೆ. ಚುಕ್ಕೆ ಹೋಗಿರಲಿಲ್ಲ, ಸ್ವಲ್ಪ ಮುಂದೆ ಸರಿದಿತ್ತು. ತಲೆಯೆತ್ತಿ ನೋಡಿದರೆ ಗೋಡೆಯ ಮೇಲೆ ಇರುವೆ! ಒಬ್ಬಳೇ ನಕ್ಕೆ.

ಮೂರನೆಯ ಫೋಟೊದಲ್ಲಿ ಗೋಡೆ ಚೊಕ್ಕಟವಾಗಿತ್ತು. ಇರುವೆ ಕಿಟಕಿ ದಾಟಿ ಹೊರಟುಹೋಗಿತ್ತು. ಅಂಗಡಿ ಯಾರು ನೋಡ್ಕೋತಾರೆ ಅಂತ ಅದನ್ನು ಯಾರೂ ಕೇಳಲಿಲ್ಲ.