ಸೂರ್ಯ ಮುಳುಗುವ ಮೊದಲು ಸೌಂಡ್ ಚೆಕ್

ಮಾರ್ಚ್ 3, ಸೋಮವಾರ

ಸೂತಕದ ನೀಲಿ ಉಡುಪು ಒಗೆದು ಹಾಕಿದೆ. ಅದು ಒಣಗುವವರೆಗೆ ಇನ್ನೊಂದು. ಅದೇ ಹೊಲಿಗೆ, ಅದೇ ನೀಲಿ, ಅದೇ ಶಾಲು. ಮಿನಿಬಸ್ಸಿನಲ್ಲಿ ಹಿಂದಿನ ಸೀಟು. ಪಕ್ಕದಲ್ಲಿ ಯಾರೂ ಕೂರಲಿಲ್ಲ. ಸೂತಕದ ಹೆಂಗಸಿನ ಮೈಬಿಸಿ ತಾಗಿದರೆ ಕೆಡುಕಂತೆ. ಹಾರ್ಡ್‌ವೇರ್ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಗಿರಾಕಿಗಳು ನೋಟನ್ನು ನನ್ನ ಕೈಗೆ ಕೊಡುವುದಿಲ್ಲ. ಮೇಜಿನ ಮೇಲಿಟ್ಟು ಕೈ ಹಿಂದೆ ತೆಗೆದುಕೊಳ್ಳುತ್ತಾರೆ.

ಸೂರ್ಯ ಮುಳುಗುವ ಮೊದಲು ಮನೆ ಸೇರಬೇಕು. ಸೇರಿದೆ.

ನನ್ನ ಗಂಡ ಫೆನ್ಯೊ ಹೋದದ್ದು ಕಳೆದ ಜುಲೈಯಲ್ಲಿ. ಲಾರಿ, ಕತ್ತಲು, ಡಾಂಬರಿನ ಮೇಲೆ ಮಲಗಿದ್ದ ಹಸು. ವರ್ಷ ತುಂಬುವವರೆಗೆ ಅವನ ತಾಯಿಯ ಮನೆಯಲ್ಲಿ ನಾನು. ರೇಡಿಯೋ ಇಲ್ಲ, ಹಾಡಿಲ್ಲ, ಜೋರು ನಗುವಿಲ್ಲ. ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಬಹುದಲ್ಲ ಅನ್ನುತ್ತಾಳೆ ಗೆಳತಿ ಸೈರನ್. ಕೇಳಬಹುದು. ಅತ್ತೆಗೆ ಗೊತ್ತಾಗುವುದಿಲ್ಲ. ಆದರೂ ಒಂದು ದಿನವೂ ಕೇಳಿಲ್ಲ. ಯಾಕೆ ಹೀಗಾದೆ...

ಮುಂಚೆ ಹೆವಿ ಮೆಟಲ್ ಸಂಗೀತದ ಹುಚ್ಚು. ಕಪ್ಪು ಚರ್ಮದ ಜಾಕೆಟ್ಟು, ಮೊಳೆ ಬಡಿದ ಬೆಲ್ಟು, ಮೊಣಕಾಲಿನವರೆಗೆ ಬೂಟು. ಆಗಲೂ ನಮ್ಮ ಕಾನ್ಯೆ ಊರಿನ ಹೆಂಗಸರು ನನ್ನನ್ನು ಕಂಡು ದಾರಿ ಬಿಡುತ್ತಿದ್ದರು. ಆಗ ನಗು ಬರುತ್ತಿತ್ತು.

ಮಾರ್ಚ್ 16, ಭಾನುವಾರ

ಸೈರನ್ ಮತ್ತು ಬುಲ್ಡೋಜರ್ ಬಂದಿದ್ದರು. ಬೇಲಿಯ ಆಚೆ ಅವರು, ಈಚೆ ನಾನು. ಸೈರನ್ ಎಂದರೆ ಬೊಯಿಪೆಲೊ, ಬಸ್ ನಿಲ್ದಾಣದಲ್ಲಿ ಕರಿದ ಬನ್ನು ಮಾರುವವಳು. ದನಿ ಹಾಗಿದೆ, ಅದಕ್ಕೇ ಆ ಹೆಸರು. ಬುಲ್ಡೋಜರ್ ವೆಲ್ಡರ್, ಕಡ್ಡಿಯಂತೆ ಇದ್ದಾನೆ. ಬಿಸಿಲಿಗೆ ಇಬ್ಬರ ಜಾಕೆಟ್ಟೂ ಬೆವರು ವಾಸನೆ. ಆ ವಾಸನೆಗೆ ಬೇಲಿಗೆ ಇನ್ನಷ್ಟು ಹತ್ತಿರ ಸರಿದೆ.

ಬಂದ ಕೂಡಲೇ ಹಳೆಯ ಜಗಳ ಶುರು. ನಮ್ಮ ಮೆಚ್ಚಿನ ಬೋರ್‌ಹೋಲ್ ಬ್ಯಾಂಡಿನ ಯಾವ ಆಲ್ಬಮ್ ದೊಡ್ಡದು?

"'ಉಪ್ಪಿನ ಬಯಲು' ಆದ್ಮೇಲೆ ಅವ್ರು ಏನೂ ಮಾಡಿಲ್ಲ ಕಣೇ. ಉಳಿದದ್ದೆಲ್ಲ ಬರೀ ತಗಡು ಬಡಿದಂಗೆ," ಎಂದ ಬುಲ್ಡೋಜರ್.

"ತಗಡು ಬಡಿಯೋನಿಗೆ ತಗಡೇ ಕೇಳ್ಸೋದು. 'ಕೊನೆಯ ಹಸು' ಕೇಳೋ ಮಾರಾಯ. ಎರಡನೇ ಹಾಡಲ್ಲಿ ಡ್ರಮ್ಮು ನಿಂತೇ ಹೋಗುತ್ತಲ್ಲ, ಬೇಸ್ ಒಂದೇ ಗುಂಯ್ ಅಂತಿರುತ್ತೆ... ಮೈ ಜುಂ ಅನ್ನಲ್ವಾ ನಿಂಗೆ?"

"ಡ್ರಮ್ಮರ್ ನೀರು ಕುಡಿಯೋಕೆ ಎದ್ದು ಹೋಗಿದ್ದ."

"ವಾಮೆ, ಇವನಿಗೆ ಹೇಳೇ ನೀನಾದ್ರೂ!"

"'ಕೊನೆಯ ಹಸು'ನೇ," ಎಂದೆ. "'ಉಪ್ಪಿನ ಬಯಲಲ್ಲಿ' ಗಿಟಾರು ಬರೀ ಕಿರುಚುತ್ತೆ. ಇದ್ರಲ್ಲಿ ಕಾಯುತ್ತೆ."

ಎಷ್ಟು ತಿಂಗಳಾಗಿತ್ತು ಹೀಗೆ ಮಾತಾಡಿ! ಆಮೇಲೆ ಮೌನ್ ಊರಿನ ಶೋ ನೆನಪು ಬಂತು. ಜನರೇಟರ್ ಕೆಟ್ಟು ಜನರೆಲ್ಲ ಬೂಟುಗಾಲಲ್ಲಿ ನೆಲ ಬಡಿದೇ ತಾಳ ಹಾಕಿದ್ದು, ಫೆನ್ಯೊ ತನ್ನ ಲಾರಿಯ ಬ್ಯಾಟರಿ ಕಿತ್ತು ಕೊಟ್ಟಿದ್ದು.

"ಮಾರನೇ ದಿನ ಲಾರಿ ಸ್ಟಾರ್ಟೇ ಆಗ್ಲಿಲ್ಲ. ಕತ್ತೆ ಕಟ್ಟಿ ಎಳೆಸಿದ್ವಿ," ಎಂದ ಬುಲ್ಡೋಜರ್. "ಕತ್ತೆ ಮೇಲೆ ಕೂತವನು ಡ್ರೈವರ್ ಸಾಹೇಬ!"

ನಕ್ಕುಬಿಟ್ಟೆ. ಜೋರಾಗಿ.

ಅತ್ತೆ ಹೊರಗೆ ಬಂದರು. "ವಾಮೆ." ಅಷ್ಟೇ. ನಗು ಅಲ್ಲೇ ಸತ್ತಿತು. ಅವರಿಬ್ಬರೂ ಟೋಪಿ ತೆಗೆದು ತಲೆ ಬಾಗಿಸಿ ನಮಸ್ಕಾರ ಹೇಳಿದರು. ಅತ್ತೆ ಒಳಗೆ ಹೋದ ಮೇಲೆ ಸೈರನ್ ಪಿಸುಗುಟ್ಟಿದಳು: ಈಸ್ಟರ್ ಶನಿವಾರ, ನಮ್ಮ ಊರ ಸಭಾಭವನದಲ್ಲೇ ಬೋರ್‌ಹೋಲ್ ಶೋ. ಫೆನ್ಯೊ ಹೆಸರಿನಲ್ಲಿ. ಅವರ ಸಾಮಾನೆಲ್ಲ ಇಷ್ಟು ವರ್ಷ ಲಾರಿಯಲ್ಲಿ ಹೊತ್ತವನು ಅವನೇ ತಾನೆ.

"ನೀನು ಬರದೇ ಇದ್ರೆ ಅದು ಯಾರ ಶೋನೇ?"

ಏಪ್ರಿಲ್ 13, ಭಾನುವಾರ

ಅತ್ತೆಯನ್ನು ಕೇಳಿದೆ. "ನನ್ನ ಅಣ್ಣನ್ನ ಕೇಳು" ಎಂದರು. ಫೆನ್ಯೊನ ಸೋದರಮಾವ. ಈ ಮನೆಯ ಮದುವೆ, ಸಾವು, ದನ, ಎಲ್ಲಕ್ಕೂ ಅವರದೇ ಮಾತು. ಮುಳ್ಳುಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ನೆಲದ ಮೇಲೆ.

"ಎಷ್ಟು ಹೊತ್ತಿಗೆ ಅದು?"

"ಏಳಕ್ಕೆ, ರ್ರಾ." ಹಿರಿಯರನ್ನು ಹಾಗೇ ಕರೆಯಬೇಕು.

"ಸೂರ್ಯ ಮುಳುಗೋದು?"

"ಆರಕ್ಕೆ."

"ಮತ್ತೆ ನನ್ನನ್ಯಾಕೆ ಕೇಳ್ತೀಯಮ್ಮ? ಸೂರ್ಯನ್ನ ಕೇಳು."

ಸುತ್ತ ಕೂತವರು ನಕ್ಕರು. ಅವರು ನಗಲಿಲ್ಲ. "ನೋಡು, ನಿನ್ನ ಮೇಲೆ ನಂಗೆ ಸಿಟ್ಟಿಲ್ಲ. ಆದ್ರೆ ನೀನು ಹೋದ ಕಡೆ ಯಾರಿಗೋ ಜ್ವರ ಬಂತು ಅಂದ್ರೂ ನಿನ್ನ ತಲೆಗೇ ಕಟ್ತಾರೆ. ನೇಮ ಮುರಿದ್ರೆ ಮತ್ತೆ ಮೊದಲಿಂದ, ಇನ್ನೊಂದು ವರ್ಷ. ಬೇಕಾ?"

ಕೆಟ್ಟವರಾಗಿದ್ದರೆ ಚೆನ್ನಾಗಿತ್ತು. ಬೈಯಬಹುದಿತ್ತು.

ಸೈರನ್‌ಗೆ ಮೆಸೇಜ್ ಹಾಕಿದೆ. ತಕ್ಷಣ ಉತ್ತರ: ಸೌಂಡ್ ಚೆಕ್ ಮೂರು ಗಂಟೆಗೆ ಇಟ್ಟಿದ್ದಾರೆ ಕಣೇ. ಮೂರು ಗಂಟೆಗೆ ಸೂರ್ಯ ನೆತ್ತಿ ಮೇಲೇ ಇರ್ತಾನೆ.

ಏಪ್ರಿಲ್ 19, ಶನಿವಾರ, ಸಂಜೆ

ಹೋಗಿ ಬಂದೆ. ಟೊಮೇಟೊ, ಈರುಳ್ಳಿ ತರುತ್ತೇನೆ ಎಂದು ಅತ್ತೆಗೆ ಹೇಳಿ ಹೊರಟಿದ್ದೆ.

ಸಭಾಭವನದ ಹೊರಗೆ ಎಲ್ಲರೂ ಇದ್ದರು. ಘಾಂಜಿಯಿಂದ ಬಂದವರು, ಮೌನ್‌ನಿಂದ ಬಂದವರು. ಕೊಂಬು, ಸರಪಳಿ, ದನದ ಬುರುಡೆ ಕಟ್ಟಿದ ಬೈಕು. ನೀಲಿ ಶಾಲು ಹೊದ್ದು ನಾನು ಬರುತ್ತಿದ್ದಂತೆ ಮಾತು ನಿಂತಿತು. ಎರಡೂ ಕಡೆ ಸರಿದು ದಾರಿ ಮಾಡಿದರು. ಯಾರೂ ಕೈ ಚಾಚಲಿಲ್ಲ, ಎದೆಗೆ ಮುಷ್ಟಿ ಇಟ್ಟುಕೊಂಡು ತಲೆ ತಗ್ಗಿಸಿದರು. ಗೌರವವೇ. ಆದರೂ ಮಿನಿಬಸ್ಸಿನ ಹಿಂದಿನ ಸೀಟೇ ನೆನಪಾಯಿತು.

ಒಳಗೆ ಬ್ಯಾಂಡಿನವರು ವೈರು ಜೋಡಿಸುತ್ತಿದ್ದರು. ಹಾಡುಗಾರ ನನ್ನನ್ನು ನೋಡಿ ಮೈಕಿನಲ್ಲಿ, "ಅಕ್ಕ, ಇದು ಸೌಂಡ್ ಚೆಕ್ ಅಲ್ಲ. ಇದೇ ಶೋ. ರಾತ್ರಿದು ಬೇರೆಯವ್ರಿಗೆ" ಎಂದ.

'ಕೊನೆಯ ಹಸು' ಆಲ್ಬಮ್ಮನ್ನು ಮೊದಲಿನಿಂದ ನುಡಿಸತೊಡಗಿದರು. ಎರಡನೇ ಹಾಡಿನಲ್ಲಿ ಡ್ರಮ್ಮು ನಿಂತಿತು. ಬೇಸ್ ಕಾಲಿನಿಂದ ಹತ್ತಿ ಹೊಟ್ಟೆಗೆ ಬಂತು. ಸೈರನ್ ತಲೆ ಬೀಸುತ್ತಾ ಕೂಗಿದಳು: "ಬಾರೇ! ಬಾ ಮುಂದೆ!"

ಆಗಲಿಲ್ಲ.

ಹಿಂದಿನ ಗೋಡೆಗೆ ಒತ್ತಿ ನಿಂತಿದ್ದೆ. ಕೈ ಶಾಲಿನೊಳಗೆ. ಅಲ್ಲಿ ನನ್ನನ್ನು ತಡೆಯುವವರು ಒಬ್ಬರೂ ಇರಲಿಲ್ಲ. ಅತ್ತೆ ಇಲ್ಲ, ಸೋದರಮಾವ ಇಲ್ಲ. ಮುಂದೆ ಹೋಗು ಎಂದು ನನಗೆ ನಾನೇ ಹೇಳಿಕೊಂಡೆ. ತಲೆ ಅಲ್ಲಾಡಲಿಲ್ಲ. ಅಳುವೂ ಬರಲಿಲ್ಲ. ಕಣ್ಣು ಕಿಟಕಿಯ ಮೇಲೆ — ಬಿಸಿಲು ಎಲ್ಲಿಗೆ ಬಂತು, ಎಷ್ಟು ಉಳಿದಿದೆ...

ಹಾಡು ಮುಗಿಯುವ ಮೊದಲೇ ಹೊರಟೆ. ಬೇಗ ಬೇಗ ನಡೆದೆ. ಮನೆ ಮುಟ್ಟಿದಾಗ ಬಿಸಿಲು ಇನ್ನೂ ಅಂಗಳದಲ್ಲೇ ಇತ್ತು. ಇನ್ನೂ ಎಷ್ಟೋ ಹೊತ್ತು ಇತ್ತು!

ಏಪ್ರಿಲ್ 20, ಭಾನುವಾರ

ಚರ್ಚಿನಿಂದ ಬಂದು ಜೋಳದ ಗಂಜಿ ಕುಡಿಯುತ್ತಿದ್ದೆವು. ಅತ್ತೆ ಬಟ್ಟಲಿನಿಂದ ಮುಖ ಎತ್ತದೆ ಹೇಳಿದರು:

"ಈರುಳ್ಳಿ ತರೋಕೆ ಹೋದವಳು ಬರಿಗೈಲಿ ಬಂದೆ."

ಗಂಜಿ ಕೆಳಗಿಟ್ಟೆ.

"ಅವನು ಸ್ನಾನ ಮಾಡುವಾಗ ಒಂದು ಗುಟುರು ಹಾಕ್ತಿದ್ನಲ್ಲ. ಅದು ನುಡಿಸಿದ್ರಾ?"

"ನುಡಿಸಿದ್ರು, ಅತ್ತೆ."

"ಅದ್ರಲ್ಲಿ ಏನು ಅಂತಾನೆ? ಇಷ್ಟು ವರ್ಷ ಕೇಳಿದ್ದೀನಿ, ಒಂದು ಮಾತೂ ತಿಳೀಲಿಲ್ಲ. ಯಾರನ್ನೋ ಶಪಿಸ್ತಾನೆ ಅಂದ್ಕೊಂಡಿದ್ದೆ."

ಹಾಡುವಂತಿಲ್ಲ. ಸುಮ್ಮನೆ ಹೇಳಿದೆ, ಮಾತಿನ ಹಾಗೆ. ಕೆರೆ ಬತ್ತಿದೆ. ಹಿಂಡೆಲ್ಲ ಹೋಯಿತು. ಒಂದು ಹಸು ಮಾತ್ರ ದಿನಾ ಕೆರೆಗೆ ಬಂದು ನಿಲ್ಲುತ್ತದೆ, ನೀರಿಲ್ಲವೆಂದು ಗೊತ್ತಿದ್ದೂ.

ಅತ್ತೆ ಮುಖ ಎತ್ತಿದರು. "ಅಷ್ಟೇನಾ?" ಎಂದರು. "ಇದನ್ನ ಹೇಳೋಕೆ ಅಷ್ಟು ಅರಚಬೇಕಿತ್ತಾ, ಮೂಢ ನನ್ಮಗ." ಶಾಲಿನ ತುದಿ ಬಾಯಿಗೆ ಒತ್ತಿಕೊಂಡು ಅತ್ತರು.

ಜುಲೈ 12, ಶನಿವಾರ

ಸೂತಕ ಕಳೆಯಿತು. ಬೆಳಗಿನ ಚಳಿಯಲ್ಲಿ ತಲೆ ಬೋಳಿಸಿ ಮೀಯಿಸಿದರು. ನೀಲಿ ಬಟ್ಟೆ ಎರಡೂ ಬೆಂಕಿಗೆ. ಹಳದಿ ಹೊಸ ಲಂಗ ಉಡಿಸಿದರು. ಮೇಕೆ ಕಡಿದರು, ಹೆಂಗಸರು ಹಾಡಿದರು. ಸೋದರಮಾವ ನನ್ನ ಕೈ ಹಿಡಿದು ಕುಲುಕಿದರು. ಈ ವರ್ಷದಲ್ಲಿ ನನ್ನ ಕೈ ಹಿಡಿದ ಮೊದಲ ಮನುಷ್ಯ! "ಇವತ್ತಿಂದ ನಿನ್ನ ಕಾಲು ನಿಂದು. ಎಲ್ಲಿಗೆ ಬೇಕಾದ್ರೂ ಹೋಗು" ಎಂದರು.

ಎಲ್ಲರೂ ಅಂಗಳದಲ್ಲಿ ಬೆಂಕಿ ಸುತ್ತ ಕೂತಿದ್ದಾರೆ. ಹೊತ್ತು ಇಳಿಯುತ್ತಿದ್ದ ಹಾಗೆ ನಾನು ಎದ್ದು ಒಳಗೆ ಬಂದಿದ್ದೆ. ಯಾರೂ ಹೇಳಿರಲಿಲ್ಲ. ಚಾಪೆಯ ಮೇಲೆ ಕೂತ ಮೇಲೆ ಗೊತ್ತಾಯಿತು.

ಜುಲೈ 24, ಗುರುವಾರ

ಇನ್ನೂ ಇಲ್ಲೇ ಇದ್ದೇನೆ. ತವರಿಗೆ ಮುಂದಿನ ವಾರ ಎಂದೆ. ಹೋದ ವಾರವೂ ಅದನ್ನೇ ಹೇಳಿದ್ದೆ. ಸೈರನ್ ಫೋನ್: ಎರಡನೇ ತಾರೀಕು ರಾಜಧಾನಿ ಗ್ಯಾಬರೋನ್‌ನಲ್ಲಿ ಬೋರ್‌ಹೋಲ್ ಶೋ. ಬುಲ್ಡೋಜರ್ ಕಾರು ತರುತ್ತಾನೆ. ಹೂಂ ಎಂದೆ. ಹೂಂ ಅನ್ನುವುದು ಸುಲಭ.

ಆಗಸ್ಟ್ 2, ಶನಿವಾರ, ಸಂಜೆ

ಕಾರು ಗೇಟಿನ ಬಳಿ ನಿಂತಿದೆ. ಸೂರ್ಯ ಮುಳುಗಿದ. ಸೈರನ್ ಒಳಗೆ ಬಂದು ಎಳೆದಳು, ಗದರಿದಳು, ಅತ್ತಳು. ಮೈ ಸರಿಯಿಲ್ಲ, ನೀವು ಹೋಗಿ ಎಂದೆ. ಅವಳು ಹೊರಗೆ ಹೋಗಿ ಅತ್ತೆಯ ಹತ್ತಿರ ಏನೋ ಹೇಳಿದಳು.

ಅತ್ತೆ ಬಾಗಿಲಿಗೆ ಬಂದು ನನ್ನನ್ನು ನೋಡಿದರು. ಚರ್ಚಿನ ಟೋಪಿ ಹಾಕಿಕೊಂಡಿದ್ದರು, ಕಂಬಳಿ ಹೊದ್ದಿದ್ದರು.

"ನಿಮ್ಮ ಮಾವ ಹೋದಾಗ ಫೆನ್ಯೊ ಇನ್ನೂ ಮೊಲೆ ಬಿಟ್ಟಿರ್ಲಿಲ್ಲ," ಎಂದರು. "ನಂದೂ ಒಂದು ವರ್ಷ ಅಂತ್ಲೇ ಹೇಳಿದ್ರು. ಬಟ್ಟೆ ಸುಟ್ರು, ಮೇಕೆ ಕಡಿದ್ರು, ಹೋಗಮ್ಮ ಅಂದ್ರು. ಆವತ್ತಿಂದ ಇವತ್ತಿನವರೆಗೆ ಕತ್ತಲಲ್ಲಿ ಆ ಗೇಟು ದಾಟಿಲ್ಲ ನಾನು. ಯಾರೂ ತಡೀಲಿಲ್ಲ ಕಣೆ. ಒಬ್ರೂ ತಡೀಲಿಲ್ಲ."



ಆಮೇಲೆ ಅವರು ತಿರುಗಿ ನಡೆದುಬಿಟ್ಟರು. ಅಂಗಳ ದಾಟಿದರು. ಗೇಟಿನ ಹತ್ತಿರ ಒಂದು ಗಳಿಗೆ ನಿಂತರು, ಕಂಬ ಹಿಡಿದುಕೊಂಡು. ಕಿಟಕಿಯಿಂದ ನೋಡುತ್ತಿದ್ದೆ. ಕಾಲು ಎತ್ತಿಟ್ಟರು. ಕಾರಿನ ಬಾಗಿಲು ಹಾಕಿಕೊಂಡ ಸದ್ದು.

ಈಗ ಅಲ್ಲಿಂದಲೇ ಕೂಗುತ್ತಿದ್ದಾರೆ: "ವಾಮೆ! ಈ ಹುಡುಗ ಕಾರಲ್ಲೇ ಆ ಗಲಾಟೆ ಹಚ್ಚಿದಾನೆ, ನನ್ನ ಕಿವಿ ಹೋಗ್ತಿದೆ! ಬರ್ತೀಯೋ, ನಾನೊಬ್ಳೇ ಹೋಗಿ ಇವ್ರ ಜೊತೆ ಕುಣೀಲೋ?"

ಹಾರ್ನ್. ಬಾಗಿಲವರೆಗೆ ಹೋದೆ. ಮತ್ತೆ ಬಂದು ಇದನ್ನು ಬರೆಯುತ್ತಾ ಕೂತಿದ್ದೇನೆ. ಮತ್ತೆ ಹಾರ್ನ್. ಪೆನ್ನು ಹಿಡಿದೇ ಎದ್ದಿದ್ದೇನೆ, ನಿಂತೇ ಗೀಚುತ್ತಿದ್ದೇನೆ. ಹೊಸ್ತಿಲು. ಹೊರಗೆ ಪೂರ್ತಿ ಕತ್ತಲು, ಒಂದು ಕಾಲು ಆಚೆ ಇಟ್ಟಿದ್ದೇನೆ, ಇನ್ನೊಂದು