ಕುಣಿ ಇರುವ ಅಡುಗೆಮನೆ

ಮೇ ೯, ಸಂಜೆ. ನಾರಾಯಣಪೇಟೆ

ಸಾರಿ, ಡೈರಿ. ಅಸೈನ್‌ಮೆಂಟ್ ಬಿಟ್ಟು ಇಲ್ಲಿ ಗೀಚುತ್ತಿದ್ದೇನೆ. ಕನ್ನಡವೂ ನೆಟ್ಟಗಿಲ್ಲ, ಹಾಸ್ಟೆಲಿನಲ್ಲಿ ಬೆಳೆದದ್ದು. ಆದರೆ ಖುಷಿ ತಡೆಯಲಾಗುತ್ತಿಲ್ಲ. ಓಣಿಯ ಹಿರಿಯರಾದ ನಮ್ಮ ಶ್ರೀರಾಮುಲು ಮಾಮ ನನ್ನ ಪ್ಲಾನ್ ಒಪ್ಪಿದರು! ಹಳೇ ಮಗ್ಗದ ಶೆಡ್ಡೇ ಇನ್ನು ಎಲ್ಲ ನೇಕಾರ ಮನೆಗಳಿಗೂ ಒಂದೇ ಅಡುಗೆಮನೆ. ಬಾಗಿಲಿಗೆ ರ‍್ಯಾಂಪ್. ನೇಯುವವರು ಕಾಲಿಳಿಬಿಡುತ್ತಿದ್ದ ಕುಣಿ ಮುಚ್ಚಿ ಸಮ ನೆಲ. ನಿಂತು ಅಡುಗೆ ಮಾಡಲು ಗ್ರಾನೈಟ್ ಕಟ್ಟೆ. ಆರ್ಕಿಟೆಕ್ಚರ್ ಫಸ್ಟ್ ಇಯರ್‌ಗೆ ಇಷ್ಟು ಸಾಕಲ್ಲ?...

ಮೇ ೧೦

ಅನಂತಮ್ಮ ಅತ್ತೆಗೆ ತೋರಿಸಿದೆ. ಯಾರ ಮನೆಯ ಮದುವೆಯಾದರೂ ಅಡುಗೆಗೆ ಅವರೇ ಮುಂದು. ಈಗ ಮೊಣಕಾಲು ಹೋಗಿದೆ. ನಿಲ್ಲಲಾರರು, ಮಡಚಿ ಕೂರಲಾರರು.

"ನಿಂತೇ ಇರಾಕ ನಾ ಏನ್ ಕುದ್ರಿ ಅದೀನೇನವ್ವಾ?"

ಸ್ಟೂಲ್ ಹಾಕೋಣ ಅಂದೆ.

"ಅದರ ಮ್ಯಾಲ ಕುಂತು ರೊಟ್ಟಿ ಬಡದ್ರ ಕೈಗೆ ಜೋರೇ ಸಿಗಂಗಿಲ್ಲ. ನೀವು ಮಾಡ್ಕೊಳ್ರಿ. ನಾ ಮನ್ಯಾಗ ಟೀವಿ ನೋಡ್ತೀನಿ."

ನಕ್ಕರು. ನನಗೆ ನಗು ಬರಲಿಲ್ಲ. ಎಲ್ಲರಿಗೂ ಅಂತ ಮಾಡಿದ್ದು... ಅವರಿಗೇ ಇಲ್ಲ.

ಮೇ ೧೬

ಈ ವಾರ ಹೊಸದಾಗಿ ಬಿಡಿಸಿದ್ದೆಲ್ಲ ಹರಿದುಹಾಕಿದೆ. ಇವತ್ತು ಟೇಪ್ ಹಿಡಿದು ಶೆಡ್ಡಿಗೆ ಹೋದರೆ, ರ‍್ಯಾಂಪ್ ಕಟ್ಟುವ ಕೆಲಸದವರ ಊಟಕ್ಕೆ ಅಲ್ಲೇ ಒಲೆ ಹೂಡಿದ್ದಾರೆ. ಅತ್ತೆ ಕುಣಿಯ ಅಂಚಿಗೆ ಕೂತು ಕಾಲು ಒಳಗಿಳಿಬಿಟ್ಟಿದ್ದಾರೆ. ಎದುರಿಗೆ ಹಲಗೆ, ಹಿಟ್ಟು. ಆಚೆ ಈರುಳ್ಳಿ ಹೆಚ್ಚುತ್ತಿದ್ದ ಓಣಿಯ ಹುಡುಗಿಯನ್ನು ಕೂಗಿದರು:

"ಏ ರಜಿನಿ, ಉಳ್ಳಾಗಡ್ಡಿ ಹೆಚ್ಚಾಕತ್ತೀಯೋ, ಅದಕ್ಕ ಜಡಿ ಹಾಕಾಕತ್ತೀಯೋ?"

"ಅತ್ತೀ, ಮೊಣಕಾಲು ನೋವು?" ಅಂದೆ.

"ಮರ್ತೇ ಹೋಗಿತ್ತ ನೋಡು. ನೀ ಯಾಕ ನೆನಪ್ ಮಾಡ್ದಿ?"

ಮೈಭಾರವೆಲ್ಲ ಅಂಗೈಗೆ ಬಂದು, ರೊಟ್ಟಿ ತಿರುಗುತ್ತ ತಿರುಗುತ್ತಲೇ ಅಗಲವಾಗುತ್ತಿತ್ತು. ಬಾಯಿಮಾತಲ್ಲೇ ಇಡೀ ಶೆಡ್ಡು ನಡೆಸುತ್ತಿದ್ದರು. ಎಂಥ ಹೆಂಗಸು! ಅಳತೆ ತೆಗೆಯುವುದೇ ಮರೆತು ನಿಂತೆ.

ಮೇ ೧೭, ಬೆಳಿಗ್ಗೆ

ಕುಣಿ ತುಂಬಲು ಮಹೇಂದರ್ ಮೇಸ್ತ್ರಿ ಮೊರಂ ಮಣ್ಣು ತರಿಸಿಬಿಟ್ಟಿದ್ದಾರೆ. ಮಾಮ ಸೀರೆ ಮಾರಲು ಗದ್ವಾಲಕ್ಕೆ ಹೋಗಿದ್ದಾರೆ. ಫೋನ್ ಎತ್ತುತ್ತಿಲ್ಲ. ನಿಲ್ಲಿಸಿ ಅಂದರೆ ಮೇಸ್ತ್ರಿ ಕೇಳುತ್ತಿಲ್ಲ.

"ಮುಚ್ಚು ಅಂತ ಬರದೋರು ನೀವ, ಬ್ಯಾಡ ಅನ್ನೋರೂ ನೀವ. ಶ್ರೀರಾಮುಲು ಸಾರು ಹೇಳ್ಲಿ, ನಿಲ್ಲಸ್ತೀನಿ."

ಏನೂ ತೋಚದೆ ಕುಣಿಗೆ ಕಾಲಿಳಿಬಿಟ್ಟು ಕೂತುಬಿಟ್ಟೆ. ಇಲ್ಲಿಂದಲೇ ಬರೆಯುತ್ತಿದ್ದೇನೆ.

"ಮಣ್ಣು ನಿಮ್ ಮ್ಯಾಲೇ ಸುರೀಲೇನ್ರೀ?" ಮೇಸ್ತ್ರಿ ನಗುತ್ತಿದ್ದಾರೆ. ಮಾಮನಿಗೆ ಮೆಸೇಜ್ ಮೊದಲು ಇಲ್ಲಿ ಬರೆಯುತ್ತೇನೆ, ಆಮೇಲೆ ಫೋನಿನಲ್ಲಿ—

ಮಾಮ, ನನ್ನ ಪ್ಲಾನ್ ತಪ್ಪು. ಕುಣಿ ಇರಲಿ. ಅಂಚು ಸ್ವಲ್ಪ ಎತ್ತರಿಸಿ, ಬೇಡದಾಗ ಹಲಗೆ ಮುಚ್ಚೋಣ. ನಿಲ್ಲುವವರಿಗೆ ಕಟ್ಟೆ ಆಚೆ ಗೋಡೆಗೆ. ಅನಂತಮ್ಮ ಅತ್ತೆ ಕೂರಲಾಗದ ಅಡುಗೆಮನೆಗೆ ನನ್ನ ಹೆಸರು ಬೇಡ. ಕೆಲಸ ನಿಲ್ಲಿಸಿದವಳು ನಾನೇ, ಬೈಯುವುದಿದ್ದರೆ ನನಗೇ ಬೈಯಿರಿ. ಮೇಸ್ತ್ರಿ ಕಾಯ್ತಿದ್ದಾರೆ. ಬೇಗ ರಿಪ್ಲೈ ಮಾಡ್ರಿ