ಮಣ್ಣಿನ ಗಿಳಿ, ಹಿತ್ತಾಳೆಯ ಗಣಪ

ಹುಮನಾಬಾದ್, ೧ ಅಕ್ಟೋಬರ್ ೧೯೯೫, ರವಿವಾರ

ಇವತ್ತಿನ ಚಪ್ಪಾಳೆ ಬೇಗ ಬಿತ್ತು. ಅಷ್ಟು ಬೇಗ ಬೀಳುವ ಚಪ್ಪಾಳೆಯನ್ನು ನಾನು ನಂಬುವುದಿಲ್ಲ.

ಗಣಪತಿ ಹಾಲು ಕುಡಿದನೆಂದು ಊರೆಲ್ಲ ಸಾಲು ನಿಂತು ಹತ್ತು ದಿನವಾಯಿತು. ಅದಕ್ಕೇ ಮಕ್ಕಳಿಗೆ ಈ ವಿಜ್ಞಾನ ಉಪನ್ಯಾಸ ಇಟ್ಟಿದ್ದೆವು. ಉಪನ್ಯಾಸಕ ಸತೀಶಕುಮಾರ ತಾವು ತಂದ ಮಣ್ಣಿನ ಗಿಳಿಗೆ ಚಮಚದಿಂದ ಹಾಲು ಕುಡಿಸಿ, ಇದು ಪವಾಡವಲ್ಲವೆಂದು ತೋರಿಸಿದರು.

ಆಮೇಲೆ ವಿದ್ಯಾವತಿ ಎಂಬ ಹುಡುಗಿ ವೇದಿಕೆಗೆ ಬಂದಳು. ಕರವಸ್ತ್ರದಲ್ಲಿ ಹಿತ್ತಾಳೆಯ ಪುಟ್ಟ ಗಣಪ.

"ಸರ್, ಗಿಳಿ ನಿಮ್ದು. ಇದು ನಮ್ಮ ಮನೀದು. ಇದಕ್ಕ ಕುಡಿಸ್ರಿ. ನಮ್ಮಜ್ಜಿ ಕೇಳ್ತಾಳ."

"ಎಲ್ಲಾ ಒಂದೇ ಅದವ್ವ. ನಂಬು," ಎಂದು ಅವರು ಚಮಚ ಒರೆಸಿ ಚೀಲಕ್ಕೆ ಹಾಕಿದರು. ಸಭೆ ನಕ್ಕಿತು.

ನಂಬು. ವಿಜ್ಞಾನದ ವೇದಿಕೆಯಿಂದ ಆ ಮಾತು. ಇನ್ನೂ ಚುಚ್ಚುತ್ತಿದೆ.

ಹೊರಗೆ ಬಂದಾಗ ಹುಡುಗಿ ಮೆಟ್ಟಿಲ ಮೇಲೆ ಕೂತಿದ್ದಳು. ಚಹಾದಂಗಡಿಯಿಂದ ಹಾಲು, ಚಮಚ ತಂದು ಗಣಪನ ಸೊಂಡಿಲಿಗೆ ಹಿಡಿದಿದ್ದಳು. ಚಮಚ ಖಾಲಿಯಾಯಿತು. ಅವಳು ಬೆರಳಿನಿಂದ ಗಣಪನ ಹೊಟ್ಟೆ ಸವರಿದಳು, ಕೆಳಗಿನ ಕರವಸ್ತ್ರ ಹಿಂಡಿದಳು.

"ಕುಡದಿಲ್ರಿ ಇವ. ಹೊಟ್ಟಿ ಮ್ಯಾಲಿಂದ ಸೋರೇದ. ಇಷ್ಟ ತೋರಸಾಕ ಸರ್ ಯಾಕ ಹಿಂದ ಸರದ್ರು? ಅವರಿಗೆ ಗೊತ್ತಿರಲಿಲ್ಲೇನ್ರಿ?"

"ಗೊತ್ತಿತ್ತು," ಎಂದೆ.

ಅವಳು ನನ್ನ ಮುಖವನ್ನೂ ಗಣಪನನ್ನು ನೋಡಿದ ಹಾಗೆಯೇ ನೋಡಿದಳು.

ಗೊತ್ತಿತ್ತೆಂದು ನನಗೆ ಹೇಗೆ ಗೊತ್ತು? ನಾನು ಕೇಳಿರಲಿಲ್ಲ. ಅವಳು ನನ್ನ ಮಾತು ನಂಬಲಿಲ್ಲ. ಇವತ್ತಿನ ಉಪನ್ಯಾಸದಿಂದ ಫಲಿಸಿದ್ದು ಬಹುಶಃ ಅದೊಂದೇ. ಅದೂ ಉಪನ್ಯಾಸದಿಂದಲೇ ಎಂದು ಹೇಗೆ ಹೇಳಲಿ?